ಜಾಯಿಕಾಯಿಯ ಸುತ್ತು

ಬೆಳಿಗ್ಗೆ ಐದಕ್ಕೆ ಏಳುವುದು. ಐದೂಕಾಲಿಗೆ ನಲ್ಲಿ ನೀರು. ಹಂಡೆ, ಎರಡು ಬಕೆಟ್, ನಾಲ್ಕು ಕೊಡ. ಆರಕ್ಕೆ ಇದ್ದಿಲ ಒಲೆ ಹಚ್ಚುವುದು. ಆರೂವರೆಗೆ ಹಾಲಿನವನು. ಏಳಕ್ಕೆ ಮಗುವಿನ ಬಟ್ಟೆ ನೆನೆಹಾಕುವುದು. ಹೀಗೆ ರಾತ್ರಿ ಒಂಬತ್ತೂವರೆಗೆ ಅಡುಗೆಮನೆ ಸಾರಿಸುವವರೆಗೂ ಆ ಪಟ್ಟಿ ಹೋಗುತ್ತಿತ್ತು. ಅಮ್ಮಾವ್ರು ಅದನ್ನು ದೊಡ್ಡ ಹಾಳೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದು, ಅಡುಗೆಮನೆಯ ಬಾಗಿಲ ಹಿಂದೆ ಮೈದಾ ಅಂಟಿನಿಂದ ಅಂಟಿಸಿದ್ದರು. ನಾನು ಎರಡನೇ ತರಗತಿಯವರೆಗೆ ಹೋಗಿದ್ದರಿಂದ ಓದಲು ಬರುತ್ತಿತ್ತು. ಗಡಿಯಾರ ನೋಡಲು ಬರುತ್ತಿರಲಿಲ್ಲ. ಅದನ್ನು ಅವರೇ ಎರಡು ದಿನದಲ್ಲಿ ಕಲಿಸಿದರು. ಅವರು ಗಣಿತದ ಟೀಚರು. ಕಲಿಸುವುದನ್ನು ಚೆನ್ನಾಗಿ ಕಲಿಸುತ್ತಿದ್ದರು.

ನನಗೆ ಆಗ ಹತ್ತು ವರ್ಷ. ನನ್ನ ತಾಯಿ ತುಮಕೂರಿನಲ್ಲಿ ಅಮ್ಮಾವ್ರ ತವರುಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅಮ್ಮಾವ್ರ ಗಂಡ, ನಾವು ಸಾಹೇಬರು ಎನ್ನುತ್ತಿದ್ದವರು, ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರು. ಅವರಿಗೆ ಬರೋಡಾಕ್ಕೆ ವರ್ಗವಾಗಿತ್ತು. ಹೆರಿಗೆಗೆಂದು ತವರಿಗೆ ಬಂದಿದ್ದ ಅಮ್ಮಾವ್ರು ನಾಲ್ಕು ತಿಂಗಳ ಗಂಡುಮಗುವನ್ನು ಎತ್ತಿಕೊಂಡು ವಾಪಸ್ ಹೊರಟಾಗ, ಮಗು ನೋಡಿಕೊಳ್ಳಲು ನನ್ನನ್ನು ಕರೆದುಕೊಂಡು ಹೊರಟರು. ಊಟ, ಬಟ್ಟೆ, ಮುಂದೆ ಮದುವೆ ಹೊತ್ತಿಗೆ ಏನಾದರೂ ಮಾಡಿಕೊಡುವುದು. ಮಾತಾದದ್ದು ಅಷ್ಟೇ. ರೈಲು ಹತ್ತಿಸುವಾಗ ನನ್ನ ತಾಯಿ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದ್ದು ನೆನಪಿದೆ: "ಹೇಳಿದ್ ಕೆಲ್ಸ ಹೇಳಿದ್ ಹೊತ್ಗೆ ಮಾಡವ್ವ. ಅಳ್ಬೇಡ. ಅತ್ರೆ ಯಾರ್ಗೂ ಬೇಡ್ವಾಗ್ತೀಯ."

ಮೂರು ದಿನದ ಪ್ರಯಾಣ. ಬರೋಡಾದಲ್ಲಿ ಮನೆ ಒಂದು ಪೋಳದಲ್ಲಿತ್ತು. ಪೋಳವೆಂದರೆ ಒಂದೇ ಬಾಗಿಲಿನ ಓಣಿ. ಎರಡೂ ಕಡೆ ಒಂದಕ್ಕೊಂದು ಅಂಟಿಕೊಂಡ ಎತ್ತರದ ಮರದ ಮನೆಗಳು. ನಮ್ಮದು ಮಹಡಿಯ ಮೇಲಿನ ಎರಡು ಕೋಣೆ. ಕೆಳಗೆ ಮನೆಯ ಒಡತಿ, ವಯಸ್ಸಾದ ಗುಜರಾತಿ ಹೆಂಗಸು, ಹಗಲೆಲ್ಲ ತೂಗುಮಂಚದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದಳು. ಪೋಳದವರೆಲ್ಲ ಅವಳನ್ನು 'ಬಾ' ಎನ್ನುತ್ತಿದ್ದರು. ಬಾ ಎಂದರೆ ಅಮ್ಮ. ಅರವತ್ತೈದರ ಪಾಕಿಸ್ತಾನ ಯುದ್ಧ ಮುಗಿದು ಒಂದು ತಿಂಗಳಾಗಿದ್ದರೂ, ಬೆಳಕು ಹೊರಗೆ ಕಾಣದಂತೆ ನಮ್ಮ ಕಿಟಕಿಯ ಗಾಜುಗಳ ಮೇಲೆ ಅಂಟಿಸಿದ್ದ ಕಪ್ಪು ಕಾಗದ ಹಾಗೆಯೇ ಇತ್ತು. ಹಗಲಲ್ಲೂ ಒಳಗೆ ಮಬ್ಬು. ಓಣಿಯ ಕಡೆ ಸರಳಿನ ಕಿಟಕಿ ಒಂದು ಮಾತ್ರ ತೆರೆದಿರುತ್ತಿತ್ತು.

ಸಾಹೇಬರು ಒಂಬತ್ತೂವರೆಗೆ ಸೈಕಲ್ ಹತ್ತುತ್ತಿದ್ದರು. ಅಮ್ಮಾವ್ರು ಹತ್ತೂಕಾಲಿಗೆ ಶಾಲೆಗೆ ಹೊರಡುತ್ತಿದ್ದರು. ಹೊರಡುವಾಗ ಹೊರಗಿನಿಂದ ಬೀಗ.

"ಭಾಷೆ ಬರಲ್ಲ, ಊರು ಗೊತ್ತಿಲ್ಲ. ಯಾರೋ ಕರೆದ್ರೆ ಮಗು ಎತ್ಕೊಂಡು ಹೋಗ್ಬಿಡ್ತೀಯ," ಎಂದಿದ್ದರು ಮೊದಲ ದಿನ. "ಬೀಗ ಇದ್ರೆ ನಿನಗೂ ಧೈರ್ಯ."

ಧೈರ್ಯ ಬರಲಿಲ್ಲ. ಬೀಗದ ಕೊಂಡಿ ಟಕ್ಕೆಂದ ಕೂಡಲೇ ಒಲೆಯ ಹತ್ತಿರ ಹೋಗಿ ನೋಡುತ್ತಿದ್ದೆ. ಒಲೆಯ ಕಿಡಿ ಹಾರಿದರೆ? ಮಗು ಏನಾದರೂ ನುಂಗಿದರೆ? ಹೆಂಚಿನ ಮೇಲೆ ಕರಿಮೂತಿ ಕೋತಿಗಳು ದಡದಡ ಓಡುವಾಗ ಮಗುವನ್ನು ಅವಚಿಕೊಂಡು ಪಾತ್ರೆಯ ಗೂಡಿನ ಪಕ್ಕ ಕೂತುಬಿಡುತ್ತಿದ್ದೆ. ಹಾಗೆ ಕೂತ ಹೊತ್ತೆಲ್ಲ ಪಟ್ಟಿಯಲ್ಲಿ ಹಿಂದೆ ಬೀಳುತ್ತಿತ್ತು.

ಪಟ್ಟಿಯ ಕತೆ ಇದು. ಸಂಜೆ ಐದೂಕಾಲಿಗೆ ಅಮ್ಮಾವ್ರು ಬೀಗ ತೆಗೆದು ಬಂದು, ಚಪ್ಪಲಿ ಬಿಟ್ಟು, ಮೊದಲು ಮಗುವನ್ನಲ್ಲ, ಕೆಲಸವನ್ನು ನೋಡುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಆರಿಸಿದ್ದೀಯಾ, ಬಟ್ಟೆ ಮಡಿಸಿದ್ದೀಯಾ, ದೋಸೆಗೆ ರುಬ್ಬಿದ್ದೀಯಾ. ಆಗದಿದ್ದ ಕೆಲಸದ ಮುಂದೆ ಕೆಂಪು ಪೆನ್ಸಿಲಿನಿಂದ ಒಂದು ಇಂಟು ಗುರುತು. ಹೊಡೆಯುತ್ತಿರಲಿಲ್ಲ. ಒಮ್ಮೆಯೂ ಹೊಡೆದವರಲ್ಲ. ಆದರೆ ಒಂದೇ ದಿನ ಮೂರು ಇಂಟು ಬಿದ್ದರೆ ಬಚ್ಚಲ ಬಾಗಿಲ ಬಳಿ ನಿಲ್ಲಬೇಕು. ಉಳಿದ ಕೆಲಸ ಮುಗಿಸಿದ ಮೇಲೆ ಊಟ. ನನ್ನ ತಟ್ಟೆ, ಲೋಟ ಬೇರೆ ಗೂಡಿನಲ್ಲಿದ್ದವು. ಅಲ್ಲಿ ನಿಂತರೆ ಅವು ಕಾಣುತ್ತಿದ್ದವು.

ಸಾಹೇಬರು ತಮಾಷೆಯ ಮನುಷ್ಯ. ನಾನು ನಿಂತಿದ್ದು ಕಂಡರೆ ಪೇಪರಿನ ಮೇಲಿಂದ ತಲೆಯೆತ್ತಿ, "ಏನಮ್ಮ, ಇವತ್ತೂ ಫೇಲಾ?" ಎನ್ನುತ್ತಿದ್ದರು. "ನೋಡು, ಹಿಂಗೇ ಆದ್ರೆ ಸೂರತ್ತಿಗೆ ಪಾರ್ಸೆಲ್ ನೀನು. ಅಲ್ಲಿ ನಿನ್ನಂಥವರನ್ನ ಮಗ್ಗದ ಕೆಳಗೆ ಕೂರಿಸ್ತಾರೆ. ದಾರ ಹರಿದಾಗ ಕಟ್ಟೋದು. ತಲೆ ಎತ್ತಿದ್ರೆ ಟಣ್!"

ಅವರು ನಗುತ್ತಿದ್ದರು. ನಾನು ನಂಬುತ್ತಿದ್ದೆ. ರೈಲಿನಲ್ಲಿ ಬರುವಾಗ ಸೂರತ್ ಸ್ಟೇಷನ್ನಿನ ಹೆಸರು ಹೇಳಿದ್ದನ್ನು ಕೇಳಿದ್ದೆ. ಅಲ್ಲಿ ನಿಜಕ್ಕೂ ಒಂದು ಊರಿದೆ ಎಂದು ನನಗೆ ಗೊತ್ತಿತ್ತು.

ಕೆಲಸ ಹಿಂದೆ ಬೀಳುತ್ತಿದ್ದುದಕ್ಕೆ ಕಾರಣ ಒಂದೇ: ಮಗು. ತೊಟ್ಟಿಲಲ್ಲಿ ಹಾಕಿದರೆ ಅಳು. ಎತ್ತಿಕೊಂಡರೆ ಸುಮ್ಮನೆ. ಎತ್ತಿಕೊಂಡು ಬಟ್ಟೆ ಹಿಂಡಲಾಗುವುದಿಲ್ಲ, ರುಬ್ಬಲಾಗುವುದಿಲ್ಲ. ಕೆಳಗೆ ಬಿಟ್ಟರೆ, ಏಳನೇ ತಿಂಗಳಿಗೇ ತೆವಳಲು ಕಲಿತಿದ್ದ ಮಗು ನೇರವಾಗಿ ಒಲೆಯ ಕಡೆ ಹೋಗುತ್ತಿತ್ತು. ಸೊಂಟದ ಎಡಗಡೆ ಕೂರಿಸಿಕೊಂಡು ಬಲಗೈಯಲ್ಲಿ ಆದಷ್ಟು ಮಾಡುತ್ತಿದ್ದೆ. ಮಗು ದಪ್ಪಗಿತ್ತು. ನಾನು ಸಣ್ಣಗಿದ್ದೆ.

ತುಮಕೂರಿನಿಂದ ಹೊರಡುವಾಗ ಅಮ್ಮಾವ್ರ ತಾಯಿ ಒಂದು ಮರದ ಪೆಟ್ಟಿಗೆ ಕೊಟ್ಟಿದ್ದರು. ಅದರಲ್ಲಿ ಬಜೆ, ಅಳಲೆಕಾಯಿ, ಮಾಚಿಕಾಯಿ, ಒಣಶುಂಠಿ, ಜಾಯಿಕಾಯಿ, ಜೊತೆಗೆ ಅಂಗೈಯಗಲದ ತೇಯುವ ಕಲ್ಲು. ನಮ್ಮ ಕಡೆ ಹಸುಗೂಸುಗಳಿಗೆ ಸ್ನಾನವಾದ ಮೇಲೆ ಇವನ್ನು ತೇದು, ಹಾಲಿನಲ್ಲಿ ಕಲಸಿ, ಒಳಲೆಯಲ್ಲಿ ಕುಡಿಸುತ್ತಾರೆ. ಲೆಕ್ಕವೆಲ್ಲ ಸುತ್ತಿನಲ್ಲಿ. ಕಲ್ಲಿನ ಮೇಲೆ ಒಂದು ಬಾರಿ ದುಂಡಗೆ ಉಜ್ಜಿದರೆ ಒಂದು ಸುತ್ತು. ಊರಲ್ಲಾದರೆ ಇದು ಮನೆಯ ಹಿರಿಯ ಹೆಂಗಸಿನ ಕೆಲಸ, ಬೇರೆಯವರು ಮುಟ್ಟುವುದಿಲ್ಲ. ಬರೋಡಾದಲ್ಲಿ ಹಿರಿಯರು ಯಾರಿದ್ದರು? ಅಮ್ಮಾವ್ರಿಗೆ ಬೆಳಿಗ್ಗೆ ಪುರಸೊತ್ತಿಲ್ಲ. ಆ ಕೆಲಸವೂ ಪಟ್ಟಿ ಸೇರಿತು: ಭಾನುವಾರ ಮತ್ತು ಬುಧವಾರ, ಎಂಟೂವರೆ.

"ಬಜೆ ಮೂರು ಸುತ್ತು. ಶುಂಠಿ ಎರಡು. ಜಾಯಿಕಾಯಿ ಒಂದೇ ಒಂದು, ಅದೂ ಹಗುರಕ್ಕೆ," ಎಂದು ಪಕ್ಕದಲ್ಲಿ ನಿಂತು ತೋರಿಸಿದರು. "ಜಾಸ್ತಿ ಆದ್ರೆ ಮಗು ಮಂಕಾಗುತ್ತೆ. ಎಣಿಸ್ತಾ ಮಾಡು. ಗೊತ್ತಾಯ್ತಾ?"

ಗೊತ್ತಾಯಿತು. ಜಾಯಿಕಾಯಿ ಕೊಟ್ಟ ದಿನ ಮಗು ಹನ್ನೊಂದಕ್ಕೆ ಮಲಗಿದರೆ ಒಂದೂವರೆಯವರೆಗೆ ಏಳುವುದಿಲ್ಲ ಎನ್ನುವುದೂ ಗೊತ್ತಾಯಿತು.

ಮೊದಲ ಸಲ ಬೇರೆ ದಿನ ಕೊಟ್ಟದ್ದು ಒಂದು ಸೋಮವಾರ. ಹಿಂದಿನ ಶನಿವಾರ ನಾಲ್ಕು ಇಂಟು ಬಿದ್ದಿದ್ದವು. ಬೀಗ ಬಿದ್ದ ಮೇಲೆ ಪೆಟ್ಟಿಗೆ ತೆಗೆದು, ಒಂದೇ ಸುತ್ತು ತೇದು, ಹಾಲಿನಲ್ಲಿ ಕಲಸಿ ಕುಡಿಸಿದೆ. ಮಗು ನಿದ್ದೆಹೋಯಿತು. ಅಂದು ಐದೂಕಾಲಿಗೆ ಎಲ್ಲ ಕೆಲಸ ಮುಗಿದಿತ್ತು. ಅಮ್ಮಾವ್ರು ಬಟ್ಟೆಯ ಮಡಿಕೆ ಮುಟ್ಟಿ ನೋಡಿದರು, ಅಕ್ಕಿಯಲ್ಲಿ ಬೆರಳಾಡಿಸಿದರು, ಕೆಂಪು ಪೆನ್ಸಿಲ್ ಹಾಗೆಯೇ ಇಟ್ಟರು.

"ಭೇಷ್. ಮನಸ್ಸು ಮಾಡಿದ್ರೆ ಆಗುತ್ತೆ, ನೋಡು!"

ಅವರು ನನಗೆ ಭೇಷ್ ಎಂದದ್ದು ಅದೇ ಮೊದಲು. ಮರುದಿನವೂ ತೇದೆ.

ಆಮೇಲೆ ನಡೆದದ್ದು ನಾನು ಎಣಿಸಿರದ ಸಂಗತಿ. ವಾರವಿಡೀ ಇಂಟು ಬೀಳದಿದ್ದದ್ದು ಕಂಡು ಅಮ್ಮಾವ್ರು ಪಟ್ಟಿಗೆ ಹೊಸ ಸಾಲು ಸೇರಿಸಿದರು. ಹನ್ನೆರಡರಿಂದ ಹನ್ನೆರಡೂವರೆ, ಹಿತ್ತಾಳೆ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚಿ ಬೆಳಗುವುದು. ಎರಡು ವಾರ ಕಳೆದ ಮೇಲೆ ಇನ್ನೊಂದು: ಸಾಹೇಬರ ಅಂಗಿಗಳಿಗೆ ಗಂಜಿ ಹಾಕುವುದು. ಆಮೇಲೆ ಸಾರಿನ ಪುಡಿ ಕುಟ್ಟುವುದು. ಕೆಲಸ ಮುಗಿದಷ್ಟೂ ಬೆಳೆಯಿತು. ಅತ್ತ ಮಗುವಿಗೂ ಒಂದು ಸುತ್ತು ರೂಢಿಯಾಗಿ ಬೇಗ ಏಳತೊಡಗಿತು. ನಾನು ಎರಡು ಸುತ್ತು ತೇದೆ. ಆಮೇಲೆ ಮೂರು. ಪ್ರತಿಸಲ ಮಗು ಎದ್ದಾಗ ಅದರ ಪಾದಕ್ಕೆ ಮುತ್ತಿಡುತ್ತಿದ್ದೆ. ತಲೆಯಲ್ಲಿ ಒಂದೇ ಹೆದರಿಕೆ ಸುತ್ತುತ್ತಿತ್ತು: ನಿಲ್ಲಿಸಿದರೆ ಕೆಲಸ ಆಗುವುದಿಲ್ಲ, ಕೆಲಸ ಆಗದಿದ್ದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದು ಕೇಳಿದರೆ ಹೇಳಬೇಕಾಗುತ್ತದೆ.

ಮಗು ಸ್ವಲ್ಪ ಮಂಕಾದದ್ದನ್ನು ಸಾಹೇಬರು ಗಮನಿಸಿದರು. "ಏನೇ, ಇವ್ನು ನಗೋದೇ ಕಮ್ಮಿ ಮಾಡಿದಾನೆ."

"ಹಲ್ಲು ಬರ್ತಿದೆ ಅಷ್ಟೇ," ಎಂದರು ಅಮ್ಮಾವ್ರು.

ನಾನು ಅಲ್ಲೇ ಬಟ್ಟೆ ಮಡಿಸುತ್ತಿದ್ದೆ. ಮೇಲೆ ನೋಡಲಿಲ್ಲ.

ಯುಗಾದಿ ಬಂತು. ಆ ಊರಿನಲ್ಲಿ ನಮ್ಮ ಯುಗಾದಿಗೆ ರಜೆಯಿಲ್ಲ. ಅದಕ್ಕೇ ಕನ್ನಡದವರು ನಾಲ್ಕೈದು ಮನೆಯವರು ಮುಂದಿನ ಭಾನುವಾರ ಯಾರದಾದರೂ ಒಬ್ಬರ ಮನೆಯಲ್ಲಿ ಸೇರುವ ಪದ್ಧತಿ ಇಟ್ಟುಕೊಂಡಿದ್ದರು. ಆ ವರ್ಷ ನಮ್ಮ ಮನೆಯ ಸರದಿ. ಅಹಮದಾಬಾದಿನಿಂದ ಎರಡು ಕುಟುಂಬ ಬೆಳಗಿನ ರೈಲಿಗೆ ಬರುವವರಿದ್ದರು. ಚಕ್ಕುಲಿ ಆಗಬೇಕು. ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಇತ್ತು. ಆದರೆ ಅಲ್ಲಿ ಇಡೀ ದಿನ ಸಜ್ಜೆ ಬೀಸುತ್ತಾರೆ, ಆ ಹಿಟ್ಟು ಬೆರೆತರೆ ಚಕ್ಕುಲಿ ಕೆಡುತ್ತದೆ ಎಂದು ಅಮ್ಮಾವ್ರು ಒಪ್ಪಲಿಲ್ಲ.

"ಶುಕ್ರವಾರ ಐದರೊಳಗೆ ಹಿಟ್ಟು ಬೀಸಿ ಜರಡಿ ಹಿಡಿದಿರ್ಬೇಕು. ಅಕ್ಕಿ ನಾಲ್ಕು ಸೇರು, ಉದ್ದು ಒಂದು ಸೇರು. ಬೇರೆ ಕೆಲಸ ಇದ್ದಿದ್ದೇ."

ಶುಕ್ರವಾರ ಬೆಳಿಗ್ಗೆ ಮಗುವಿಗೆ ನೆಗಡಿ. ಮೂಗು ಕಟ್ಟಿತ್ತು. ಹತ್ತೂಕಾಲಿಗೆ ಬೀಗ ಬಿತ್ತು. ಹತ್ತೂವರೆಗೆ ಅಳು ಶುರುವಾಯಿತು. ಎತ್ತಿಕೊಂಡರೂ ಅಳು. ಹನ್ನೊಂದಾಯಿತು. ಅಕ್ಕಿ ಹುರಿದದ್ದು ಹಾಗೇ ಆರಿತ್ತು, ಬೀಸುವ ಕಲ್ಲಿಗೆ ಒಂದು ಹಿಡಿಯೂ ಬಿದ್ದಿರಲಿಲ್ಲ. ಹಳೆಯ ಜಾಯಿಕಾಯಿ ಸವೆದು ಗುಲಗಂಜಿಯಷ್ಟಾಗಿತ್ತು. ಪೆಟ್ಟಿಗೆಯಲ್ಲಿ ಹೊಸದೊಂದಿತ್ತು, ದಪ್ಪನೆಯದು. ಅದನ್ನು ತೆಗೆದೆ. ಕಲ್ಲಿನ ಮೇಲೆ ಹನಿ ಹಾಲು ಹಾಕಿ ತೇಯತೊಡಗಿದೆ. ಸೊಂಟದ ಮೇಲೆ ಮಗು ಕಿವಿಯ ಹತ್ತಿರವೇ ಕಿರುಚುತ್ತಿತ್ತು. ಕಣ್ಣು ಗಡಿಯಾರದ ಮೇಲಿತ್ತು. ಎಣಿಸಲಿಲ್ಲ. ಅಷ್ಟು ದಿನ ತಪ್ಪು ಮಾಡುವಾಗಲೂ ಎಣಿಸುತ್ತಿದ್ದವಳು ಅಂದು ಎಣಿಸಲಿಲ್ಲ.

ಮಗು ಕುಡಿಯಿತು. ಅಳು ನಿಂತಿತು. ತೊಟ್ಟಿಲಲ್ಲಿ ಹಾಕಿ ಬೀಸಲು ಕೂತೆ.

ಎರಡೂವರೆಗೆ ಮಗುವಿಗೆ ಬಾಟಲಿ ಹಾಲು. ಬೆಚ್ಚಗೆ ಮಾಡಿಕೊಂಡು ಹೋದೆ. ಮುಖ ಒಂದು ಥರ ಬಿಳಿಚಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ರಬ್ಬರು ತುಟಿಗೆ ತಾಗಿಸಿದರೆ ಚೀಪಲಿಲ್ಲ. ಹಾಲು ಕೆನ್ನೆಯ ಮೇಲೆ ಹರಿಯಿತು. "ಪುಟ್ಟಪ್ಪಾ," ಎಂದೆ. ಪಾದಕ್ಕೆ ಕಚಗುಳಿಯಿಟ್ಟೆ. ಎತ್ತಿದರೆ ಕತ್ತು ಹಿಂದಕ್ಕೆ ಜೋತುಬಿತ್ತು, ಒದ್ದೆ ಬಟ್ಟೆಯ ಹಾಗೆ. ನೀರು ಚಿಮುಕಿಸಿದೆ. ರೆಪ್ಪೆ ಅರ್ಧ ತೆರೆಯಿತು, ಒಳಗೆ ಬಿಳಿ ಕಂಡಿತು, ಮತ್ತೆ ಮುಚ್ಚಿತು. ಉಸಿರು ಇತ್ತು. ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಲೇ ಇದ್ದೆ; ಒಂದು ಉಸಿರು ಬಂದು ಇನ್ನೊಂದು ಬರುವುದರೊಳಗೆ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಮೊದಲು ನಾನು ಮಾಡಿದ್ದು ಬಾಗಿಲಿಗೆ ಓಡಿದ್ದು. ಎರಡೂ ಕೈಯಿಂದ ಬಡಿದೆ. ಬೀಗ ಆಚೆ ಅಲ್ಲಾಡಿತು, ಅಷ್ಟೇ. ಆಮೇಲೆ ಕಿಟಕಿಗೆ ಬಂದು ಸರಳಿಗೆ ಮುಖ ಒತ್ತಿ ಕೂಗಿದೆ. ಏನು ಕೂಗುವುದು? ಗುಜರಾತಿಯಲ್ಲಿ ನನಗೆ ಬರುತ್ತಿದ್ದದ್ದು ಹಾಲಿನವನ ಮಾತು, ತರಕಾರಿಯವನ ಮಾತು. "ಬಾ! ಓ ಬಾ!" ಎಂದು ಮಾತ್ರ ಕೂಗಿದೆ.

ಬಾ ಜಗಲಿಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. "ಶುಂ ಥಯುಂ, ದೀಕ್ರಿ?" ಏನಾಯಿತು ಮಗಳೇ ಎಂದು.

ಮಗುವನ್ನು ಎತ್ತಿ ಕಿಟಕಿಗೆ ಹಿಡಿದೆ. ಜೋತುಬಿದ್ದ ಕತ್ತು ಅವಳಿಗೆ ಕಂಡಿರಬೇಕು. ಮಾತು ಬದಲಾಯಿತು.

"ಏನು ಕೊಟ್ಟೆ?" ಎಂದಳು ಗುಜರಾತಿಯಲ್ಲಿ.

"ದೂಧ್," ಎಂದೆ.

"ಸರಿ. ಇನ್ನೇನು ಕೊಟ್ಟೆ?"

"ದೂಧ್, ಬಾ. ದೂಧ್!"

ಬಾ ಜಗಲಿಯಿಂದ ಇಳಿದು ಕಿಟಕಿಯ ಕೆಳಗೆ ಬಂದಳು. ಆ ಊರಿನಲ್ಲಿ ಕೂಲಿಗೆ ಹೋಗುವ ಹೆಂಗಸರು ಮಕ್ಕಳು ಮಲಗಲೆಂದು ಸಾಸಿವೆಯಷ್ಟು ಅಫೀಮು ಕೊಡುತ್ತಿದ್ದರು. ಇದು ನನಗೆ ಆಮೇಲೆ ತಿಳಿದದ್ದು. ಅವಳಿಗೆ ಮೊದಲೇ ಗೊತ್ತಿತ್ತು. "ಅಫೀಣ್?" ಎಂದು ಕೇಳಿದಳು. ಅಲ್ಲವೆಂದು ತಲೆಯಲ್ಲಾಡಿಸಿದೆ. "ನಿಜ ಹೇಳು. ನಾನು ಹೊಡೆಯಲ್ಲ. ನಿಜ ಹೇಳಿದ್ರೆ ಮಗು ಉಳಿಯುತ್ತೆ."

ಅವಳು ಹೇಳಿದ ಮಾತುಗಳು ಅರ್ಧ ತಿಳಿದವು, ಅರ್ಧ ಮುಖದಿಂದ ತಿಳಿದವು. ನಿಜ ಹೇಳಲು ನನ್ನ ಬಳಿ ಶಬ್ದವಿರಲಿಲ್ಲ. ಜಾಯಿಕಾಯಿಗೆ ಗುಜರಾತಿಯಲ್ಲಿ ಏನೆನ್ನುತ್ತಾರೆ? ಹೇಳದೆ ಉಳಿಯಲು ಅದೊಂದು ದಾರಿಯಾಗಿತ್ತು. ಗೊತ್ತಿಲ್ಲ ಎಂದು ಅಳುತ್ತಾ ನಿಂತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೆಗಡಿ ಎಂದುಕೊಳ್ಳುತ್ತಿದ್ದರು. ಇದನ್ನು ಆ ಕ್ಷಣದಲ್ಲಿ ಯೋಚಿಸಿದೆ, ಸ್ಪಷ್ಟವಾಗಿ ಯೋಚಿಸಿದೆ. ಮಗುವಿನ ಉಸಿರು ಇನ್ನೊಂದು ಬರಲು ತಡವಾಯಿತು. ಓಡಿಹೋಗಿ ಜಾಯಿಕಾಯಿ ತಂದು, ಸರಳಿನ ನಡುವೆ ಕೈ ಹಾಕಿ ಕೆಳಗೆ ಎಸೆದೆ.

ಅದು ಜಗಲಿಯ ಕಲ್ಲಿಗೆ ಬಡಿದು ಚರಂಡಿಯ ಹತ್ತಿರ ಉರುಳಿತು. ಬಾ ಬಗ್ಗಿ ಎತ್ತಿ, ಮೂಸಿ ನೋಡಿದಳು.

"ಜಾಯ್‌ಫಳ್!" ಎಂದು ಹಣೆ ಬಡಿದುಕೊಂಡಳು. "ಎಷ್ಟು?"

ನಾನು ಬೆರಳು ತೋರಿಸಬೇಕಿತ್ತು. ಎಷ್ಟು ಬೆರಳು? ಖಾಲಿ ಕೈ ಅಗಲಿಸಿ ತೋರಿಸಿದೆ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಬಾ ಪೋಳಕ್ಕೆಲ್ಲ ಕೇಳುವಂತೆ ಕೂಗಿದಳು. ಎದುರುಮನೆಯ ತಾಮ್ರದ ಕೆಲಸದವನು ಸುತ್ತಿಗೆ ಹಿಡಿದು ಮೆಟ್ಟಿಲು ಹತ್ತಿದ. ನಾಲ್ಕು ಏಟಿಗೆ ಬೀಗದ ಕೊಂಡಿ ಚಿಲಕದ ಸಮೇತ ಕಿತ್ತುಬಂತು. ಅವನ ಹಿಂದೆಯೇ ಬಾ ಏದುಸಿರು ಬಿಡುತ್ತ ಬಂದು, ನನ್ನ ಕೈಯಿಂದ ಮಗುವನ್ನು ಕಸಿದುಕೊಂಡು, ಅದರ ಕೆನ್ನೆಗೆ ತಟ್ಟುತ್ತ, ಹೆಸರು ಹಿಡಿದು ಕರೆಯುತ್ತ ಇಳಿದುಹೋದಳು. ಓಣಿಯ ಬಾಗಿಲ ಬಳಿ ಒಬ್ಬ ಮುದುಕ ಡಾಕ್ಟರರ ದವಾಖಾನೆ ಇತ್ತು. ಜನ ಹಿಂದೆ ಓಡಿದರು. ನನ್ನನ್ನು ಯಾರೂ ಕರೆಯಲಿಲ್ಲ.

ಬಾಗಿಲು ತೆರೆದಿತ್ತು. ಐದು ತಿಂಗಳಲ್ಲಿ ಆ ಹೊತ್ತಿನಲ್ಲಿ ಅದು ತೆರೆದದ್ದು ಮೊದಲ ಸಲ. ನಾನು ಮೆಟ್ಟಿಲವರೆಗೆ ಹೋದೆ. ಕೆಳಗೆ ಬಿಸಿಲು, ಖಾಲಿ ತೂಗುಮಂಚ. ಎಲ್ಲಿಗೆ ಹೋಗುವುದು? ವಾಪಸ್ ಬಂದೆ. ಗಡಿಯಾರದಲ್ಲಿ ಮೂರೂ ಹತ್ತು. ಬೀಸುವುದು ಇನ್ನೂ ಎರಡು ಸೇರು ಉಳಿದಿತ್ತು. ಬೀಸುವ ಕಲ್ಲಿನ ಮುಂದೆ ಕೂತು ಗೂಟ ಹಿಡಿದೆ.

ಇದನ್ನು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ, ನನಗೂ ನಾಚಿಕೆಯಾಗುತ್ತದೆ. ಮಗು ಬದುಕುತ್ತದೋ ಇಲ್ಲವೋ ಗೊತ್ತಿರಲಿಲ್ಲ, ನಾನು ಹಿಟ್ಟು ಬೀಸಿದೆ. ಮುಗಿದ ಮೇಲೆ ಜರಡಿ ಹಿಡಿದೆ. ಕೈ ತನ್ನಷ್ಟಕ್ಕೆ ಮಾಡುತ್ತಿತ್ತು. ಬಾಯಲ್ಲಿ "ಒಂದು, ಎರಡು, ಮೂರು" ಎಂದು ಕಲ್ಲಿನ ಸುತ್ತು ಎಣಿಸುತ್ತಿದ್ದೆ, ಬೆಳಿಗ್ಗೆ ಎಣಿಸದೆ ಬಿಟ್ಟದ್ದನ್ನೆಲ್ಲ ಈಗ ತುಂಬಿಕೊಡುವವಳ ಹಾಗೆ. ಇನ್ನು ಸೂರತ್ತೇ ಎಂದುಕೊಂಡೆ. ಸೂರತ್ತಿಗೆ ಮುಂಚೆ ಪೊಲೀಸು.

ಐದೂಕಾಲಿಗೆ ಮೆಟ್ಟಿಲ ಮೇಲೆ ಅಮ್ಮಾವ್ರ ಚಪ್ಪಲಿ. ಕಿತ್ತ ಚಿಲಕ ನೋಡಿ ಬಾಗಿಲಲ್ಲೇ ನಿಂತರು. ತೊಟ್ಟಿಲು ನೋಡಿದರು. ನನ್ನನ್ನು ನೋಡಿದರು. ನನ್ನ ಕೂದಲು, ಹುಬ್ಬು, ಕೈ ಎಲ್ಲ ಹಿಟ್ಟು.

"ಮಗು ಎಲ್ಲೇ?"

ನಾನು ಜರಡಿ ಕೆಳಗಿಟ್ಟು ಎದ್ದು ನಿಂತೆ.

"ಮಗು ಎಲ್ಲಿ? ಬಾಯಿ ಬಿಡೇ! ಮಗು ಎಲ್ಲಿ?" ಭುಜ ಹಿಡಿದು ಅಲುಗಾಡಿಸಿದರು. ಹಿಟ್ಟಿನ ಮೊರ ಬೋರಲಾಯಿತು.

ಆಗ ಬಾ ಬಂದಳು. ಮಗು ಅವಳ ಹೆಗಲ ಮೇಲಿತ್ತು. ಕಣ್ಣು ತೆರೆದಿತ್ತು. ಡಾಕ್ಟರು ವಾಂತಿ ಮಾಡಿಸಿ, ಸಕ್ಕರೆ ನೀರು ಕುಡಿಸಿ, ಎರಡು ಗಂಟೆ ಹೊತ್ತು ಮಲಗಲು ಬಿಡದೆ ಕೂರಿಸಿಕೊಂಡಿದ್ದರಂತೆ. ಬಾ ಮಗುವನ್ನು ಅಮ್ಮಾವ್ರ ಕೈಗೆ ಕೊಟ್ಟಳು. ಜಾಯಿಕಾಯಿಯನ್ನು ಹೊಸಿಲ ಮೇಲಿಟ್ಟಳು. ಹಿಂದಿ ಗುಜರಾತಿ ಬೆರೆಸಿ ಎಲ್ಲವನ್ನೂ ಹೇಳಿದಳು, ಏನನ್ನೂ ಮುಚ್ಚಲಿಲ್ಲ. ಕೊನೆಗೆ ಕಿತ್ತ ಬೀಗವನ್ನು ಕಾಲಿನಿಂದ ಸರಿಸಿ, "ಮಾಸ್ತರಣಿಬಾಯಿ, ಬೆಂಕಿ ಬಿದ್ದಿದ್ರೆ ಎರಡು ಹೆಣ ತೆಗೀಬೇಕಾಗ್ತಿತ್ತು. ನನ್ನ ಮನೆಯಲ್ಲಿ ಇನ್ನು ಮಕ್ಕಳ ಮೇಲೆ ಬೀಗ ಹಾಕಬೇಡ," ಎಂದು ಇಳಿದುಹೋದಳು.

ಅಮ್ಮಾವ್ರು ಹೊಡೆಯುತ್ತಾರೆಂದು ಕಾದೆ. ಮಗುವನ್ನು ಎದೆಗೊತ್ತಿಕೊಂಡು ಹಿಟ್ಟಿನ ನಡುವೆಯೇ ಕೂತರು.

"ಎಷ್ಟು ದಿನದಿಂದ ಕೊಡ್ತಿದೀಯ?"

"ನೀವು ಭೇಷ್ ಅಂದ್ರಲ್ಲ, ಆವತ್ತಿಂದ."

ನಾನು ಅದನ್ನು ಎದುರುತ್ತರವೆಂದು ಹೇಳಲಿಲ್ಲ. ದಿನದ ಲೆಕ್ಕ ಕೇಳಿದರು, ನನಗೆ ಗೊತ್ತಿದ್ದ ಗುರುತು ಅದು. ಅವರು ಮಗುವಿನ ಕೆನ್ನೆಗೆ ಅಂಟಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದರು. ಕೊನೆಗೆ ತಗ್ಗಿದ ದನಿಯಲ್ಲಿ, "ಸಾಹೇಬರಿಗೆ ಹೇಳ್ಬೇಡ. ಯಾರಿಗೂ ಹೇಳ್ಬೇಡ," ಎಂದರು. ಆಗ ಅವರ ಮುಖ ಕಂಡಿತು. ಅವರೂ ಹೆದರಿದ್ದರು. ದೊಡ್ಡವರು ಹೆದರಿದ್ದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಮೊದಲ ಸಲ. ಅದರಿಂದ ನನ್ನ ಹೆದರಿಕೆ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು.

ಮಗುವಿಗೆ ಜ್ವರ, ಕೀಲಿಕೈ ಕಳೆದು ಬೀಗ ಒಡೆಸಬೇಕಾಯಿತು ಎಂದು ಸಾಹೇಬರಿಗೆ ಹೇಳಿದರು. ಶನಿವಾರ ರಜೆ ಹಾಕಿದರು. ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ನಾನು ಹತ್ತಿರ ಹೋದರೆ ಸೆರಗು ಎಳೆದುಕೊಳ್ಳುತ್ತಿದ್ದರು. ಮಗು ಹಾಲು ಕುಡಿಯಿತು, ಕಣ್ಣು ಬಿಟ್ಟು ನೋಡಿತು. ಅಳಲಿಲ್ಲ. ಬಟ್ಟೆ ಒದ್ದೆಯಾದರೂ ಅಳಲಿಲ್ಲ, ಹಸಿದರೂ ಅಳಲಿಲ್ಲ. ತೊಟ್ಟಿಲಲ್ಲಿ ಹಾಕಿದರೆ ಹಾಕಿದ ಹಾಗೆಯೇ ಬಿದ್ದಿರುತ್ತಿತ್ತು, ತನ್ನ ಕೈಯನ್ನೇ ನೋಡುತ್ತ. ಡಾಕ್ಟರು ಮತ್ತೆ ಬಂದು ನೋಡಿ ನಿಶ್ಶಕ್ತಿ ಎಂದರು. ನನಗೆ ಅನಿಸಿದ್ದೇ ಬೇರೆ: ಅದರೊಳಗಿನ ಅಳುವನ್ನು ನಾನು ತೇದು ಮುಗಿಸಿಬಿಟ್ಟಿದ್ದೇನೆ, ಇನ್ನು ಅದು ಅಳುವುದೇ ಇಲ್ಲ, ಹೀಗೇ ಬೆಳೆಯುತ್ತದೆ, ಮಂಕಾಗಿ, ಮಾತಿಲ್ಲದೆ. ಶನಿವಾರವಿಡೀ ಚಕ್ಕುಲಿಗೆ ಹಿಟ್ಟು ಒತ್ತಿ ಕೊಡುತ್ತ ಕಿವಿ ತೊಟ್ಟಿಲ ಕಡೆ ಇಟ್ಟಿದ್ದೆ. ಎಣ್ಣೆಯ ಸದ್ದು ಮಾತ್ರ ಕೇಳುತ್ತಿತ್ತು.

ಭಾನುವಾರ ಹತ್ತು ಗಂಟೆಗೆ ಜನ ಬಂದರು. ಎರಡು ಕೋಣೆ ತುಂಬಿತು. ಒಂದು ಕಡೆ ಮೈಸೂರಿನ ಕನ್ನಡ, ಇನ್ನೊಂದು ಕಡೆ ಧಾರವಾಡದ ಕನ್ನಡ, ನಡುವೆ ಹಿಂದಿ. ಮಗು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ಹೋಯಿತು.

"ಎಷ್ಟ್ ಶಾಣ್ಯಾ ಅದರೀ ನಿಮ್ಮ ಕೂಸು! ನಮ್ಮದಿದ್ರ ಇಷ್ಟೊತ್ತಿಗೆ ಪೋಳ ಎಲ್ಲಾ ಕೂಡಸ್ತಿತ್ತು," ಎಂದರು ಅಹಮದಾಬಾದಿನಿಂದ ಬಂದ ಒಬ್ಬಾಕೆ. ನನ್ನ ಕಡೆ ನೋಡಿ, "ಹುಡುಗಿ ಬಾಳ ಛಲೋ ನೋಡ್ಕೋತದ ಕಾಣಸ್ತದ. ಎಲ್ಲಿಂದ ತಂದ್ರಿ? ನಮಗೂ ಇಂಥಾದ್ದೊಂದು ತರಸಿಕೊಡ್ರಿ."

ನಾನು ನೀರಿನ ಚೊಂಬು ಹಿಡಿದು ನಿಂತಿದ್ದೆ. ಅಮ್ಮಾವ್ರು ನನ್ನ ಕಡೆ ನೋಡಲಿಲ್ಲ. "ಒಬ್ಬಟ್ಟು ಹಾಕ್ಲಾ?" ಎಂದರು ಆಕೆಗೆ.

ಎಲೆಗಳ ಮುಂದೆ ಎಲ್ಲ ಕೂತಿದ್ದರು. ಅಮ್ಮಾವ್ರು ಅನ್ನ ಬಡಿಸುತ್ತಿದ್ದರು. ಯಾರೋ ಮಗುವನ್ನು ಚಾಪೆಯ ಮೇಲೆ ಬಿಟ್ಟಿದ್ದರು. ಬಂದವರ ಹುಡುಗನೊಬ್ಬ ಚಕ್ಕುಲಿ ಕಸಿದುಕೊಂಡನೋ, ಬೆರಳು ತುಳಿದನೋ, ನನಗೆ ಕಾಣಲಿಲ್ಲ. ಮಗುವಿನ ಮುಖ ಮೊದಲು ಕೆಂಪಾಯಿತು. ಬಾಯಿ ಚೌಕವಾಯಿತು. ಸದ್ದು ಬರಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಬಂತು. ಇಡೀ ಮನೆ ಕಿವಿ ಮುಚ್ಚಿಕೊಳ್ಳುವಂಥ ಅಳು.

ನನ್ನ ಕೈಯಿಂದ ಚೊಂಬು ಜಾರಿ ಯಾರದೋ ಎಲೆಯ ಪಕ್ಕ ನೀರು ಹರಿಯಿತು.

"ಅಯ್ಯ, ನನ್ನ ದೃಷ್ಟೀನೇ ತಾಗ್ತು ನೋಡ್ರಿ!" ಎಂದು ಆಕೆ ನಕ್ಕರು.

ಅಮ್ಮಾವ್ರು ಅನ್ನದ ಕೈಯಲ್ಲೇ ಎರಡು ಹೆಜ್ಜೆ ಓಡಿದರು, ನಿಂತರು. ಬಲಗೈಗೆ ಅನ್ನ ಮೆತ್ತಿತ್ತು, ಎಡಗೈಯಲ್ಲಿ ಪಾತ್ರೆ. ನನ್ನ ಕಡೆ ತಿರುಗಿದರು. ಎರಡು ದಿನದಲ್ಲಿ ಮೊದಲ ಸಲ ನೇರವಾಗಿ ನೋಡಿದರು.

"ಎತ್ಕೋ," ಎಂದರು.

ಮಗು ನನ್ನ ಕಡೆಗೇ ಕೈ ಚಾಚಿತ್ತು. ಅದಕ್ಕೆ ನಾನೇ ಗೊತ್ತು, ನನ್ನ ಸೊಂಟವೇ ಗೊತ್ತು.

"ಎತ್ಕೊಳ್ಳೇ, ಏನ್ ನೋಡ್ತಾ ನಿಂತಿದೀಯ?"

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಬಂದವರೆಲ್ಲ ಊಟ ನಿಲ್ಲಿಸಿ ನೋಡಿದರು. ಸಾಹೇಬರು, "ಏನಾಯ್ತು ಇವ್ಳಿಗೆ?" ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡದೆ ನಿಂತದ್ದು ಅದೇ ಮೊದಲು.

ಅಮ್ಮಾವ್ರು ಪಾತ್ರೆ ಕೆಳಗಿಟ್ಟರು. ಕೈಯನ್ನು ಸೆರಗಿಗೆ ಒರೆಸಿಕೊಂಡರು, ರೇಷ್ಮೆ ಸೀರೆಯ ಸೆರಗಿಗೆ. ಬಗ್ಗಿ ಮಗುವನ್ನು ತಾವೇ ಎತ್ತಿಕೊಂಡರು. ಅದು ಅವರ ಹೆಗಲ ಮೇಲೆ ಒದೆಯುತ್ತ, ಬೆನ್ನು ಬಿಲ್ಲು ಮಾಡುತ್ತ, ಊಟ ಮುಗಿಯುವವರೆಗೂ ಅಳುತ್ತಲೇ ಇತ್ತು. ಅವರು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇದ್ದರು. ಸುಮ್ಮನಿರು ಎಂದು ಒಮ್ಮೆಯೂ ಹೇಳಲಿಲ್ಲ.